ತಂಬಿಗೆಯ ಮುಚ್ಚಳ

ಅರಸೀಕೆರೆಯ ನಮ್ಮ ಮನೆಯಲ್ಲಿ ಪಾತ್ರೆಯಿಲ್ಲದ ಒಂದು ಕಂಚಿನ ಮುಚ್ಚಳವಿದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅದನ್ನು ಸ್ಟೀಲ್ ಚೊಂಬಿನ ಮೇಲೆ ಇಡುತ್ತೇವೆ. ಚೊಂಬಿನ ಬಾಯಿ ಚಿಕ್ಕದು, ಮುಚ್ಚಳ ದೊಡ್ಡದು. ಪಕ್ಕದಲ್ಲಿ ಯಾರಾದರೂ ನಡೆದರೆ ಸಾಕು, ಟಣ್ ಎಂದು ಜಾರುತ್ತದೆ. ಈ ಸಲ ಮೊಮ್ಮಗಳು ಕೇಳಿಯೇಬಿಟ್ಟಳು: “ತಾತ, ಇದರ ಪಾತ್ರೆ ಎಲ್ಲಿ?”

ಉತ್ತರ ನನಗೆ ಗೊತ್ತಿತ್ತು. ಹೇಳಲು ಧೈರ್ಯ ಬಂದದ್ದು ಹಳೇಬೀಡಿನಲ್ಲಿ.

ದಸರಾ ರಜೆಗೆ ಅವಳನ್ನು ಹಳೇಬೀಡು, ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಮುಚ್ಚಳವನ್ನೂ ಬಟ್ಟೆ ಚೀಲದಲ್ಲಿ ಹಾಕಿಕೊಂಡಿದ್ದಳು, ಅದಕ್ಕೆ ಹೊಂದುವ ತಂಬಿಗೆ ಹುಡುಕಬೇಕಂತೆ! ಹೊಯ್ಸಳೇಶ್ವರ ದೇವಸ್ಥಾನದ ಆವರಣದ ವಸ್ತುಸಂಗ್ರಹಾಲಯದಲ್ಲಿ ಕೈ ಮುರಿದ, ಮೂಗು ಹೋದ ಮೂರ್ತಿಗಳ ಮುಂದೆ ಬಹಳ ಹೊತ್ತು ನಿಂತಳು. ಹೊರಗೆ ಬಂದು ಹುಲ್ಲಿನ ಮೇಲೆ ಕೂತಾಗ, ಪತ್ರಿಕೆಯಲ್ಲಿ ಓದಿದ್ದ ಚೀನಾದ ಒಂದು ಪಾತ್ರೆಯ ಕಥೆ ಹೇಳಿದೆ. ನಮ್ಮ ಕಥೆಗಿಂತ ಬೇರೆಯವರ ಕಥೆ ಹೇಳುವುದು ಸುಲಭ ನೋಡಿ.

ಅದು ಸುಮಾರು 3,000 ವರ್ಷ ಹಳೆಯ ಕಂಚಿನ ಮದ್ಯದ ಪಾತ್ರೆ. ಹೆಸರು ಮಿನ್ ಫಾಂಗ್‌ಲೇ. ಚೌಕಾಕಾರ, ಮುಚ್ಚಳ ಬಿಟ್ಟೇ ಎರಡಡಿ ಮೀರಿದ ಎತ್ತರ. ತೀರಿಕೊಂಡ ತಂದೆಗೆ ಅರ್ಪಿಸಲು ಮಗ ಮಾಡಿಸಿದ್ದು ಎಂದು ಅದರ ಮೇಲೇ ಬರೆದಿದೆ. ಅವರದೂ ಒಂದು ಬಗೆಯ ಎಡೆಯೇ. ನೂರು ವರ್ಷಗಳ ಹಿಂದೆ ಹುನಾನ್ ಪ್ರಾಂತ್ಯದ ಒಬ್ಬ ರೈತನಿಗೆ ಅದು ಸಿಕ್ಕಿತು. ಅವನ ಮಗ ಮುಚ್ಚಳವನ್ನು ಮೇಷ್ಟ್ರಿಗೆ ತೋರಿಸಲು ಶಾಲೆಗೆ ಒಯ್ದಿದ್ದನಂತೆ. ಅಷ್ಟರಲ್ಲಿ ಮನೆಗೆ ಬಂದ ವ್ಯಾಪಾರಿ 400 ಬೆಳ್ಳಿ ನಾಣ್ಯ ಕೊಟ್ಟು ಪಾತ್ರೆಯನ್ನು ಹೊತ್ತುಕೊಂಡು ಹೋದನಂತೆ. ಪಾತ್ರೆ ದೇಶ ಬಿಟ್ಟಿತು, ಮುಚ್ಚಳ ಉಳಿಯಿತು. 2001ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಆ ಪಾತ್ರೆಗೆ 92 ಲಕ್ಷ ಡಾಲರ್ ಮೀರಿದ ಬೆಲೆ! 2014ರಲ್ಲಿ ಮತ್ತೆ ಮಾರಾಟಕ್ಕೆ ಬಂದಾಗ ಹುನಾನಿನವರು ಮುಚ್ಚಳದ ಒಂದು ಪ್ರತಿ ಮಾಡಿಸಿ ಅಮೆರಿಕಕ್ಕೆ ಒಯ್ದು ಕೂರಿಸಿ ನೋಡಿದರು. ಸರಿಯಾಗಿ ಕೂತಿತು. ಹರಾಜಿಗೆ ಮುಂಚೆಯೇ ಹಣ ಕೂಡಿಸಿ ಕೊಂಡು ತಂದರು. ಈಗ ಎರಡೂ ಚಾಂಗ್‌ಷಾದ ವಸ್ತುಸಂಗ್ರಹಾಲಯದಲ್ಲಿ ಒಟ್ಟಿಗಿವೆ.

“ನಮ್ಮದನ್ನೂ ವ್ಯಾಪಾರಿ ತಗೊಂಡು ಹೋದನಾ?”

“ಅವನಾಗಿ ತಗೊಂಡು ಹೋಗಲಿಲ್ಲ ಪುಟ್ಟಿ. ನಾನೇ ಕೊಟ್ಟೆ.”

ನನಗಾಗ ಒಂಬತ್ತು ವರ್ಷ. ಹಳೇ ತಾಮ್ರ, ಹಿತ್ತಾಳೆ, ಕಂಚು ಕೊಟ್ಟರೆ ಹೊಸ ಸ್ಟೀಲ್ ಪಾತ್ರೆ ಕೊಡುವವರು ಬೀದಿ ಬೀದಿ ಸುತ್ತುತ್ತಿದ್ದ ಕಾಲ. ತರಗತಿಯಲ್ಲಿ ಎಲ್ಲರ ಹತ್ತಿರವೂ ಸ್ಟೀಲ್ ಡಬ್ಬಿ, ನನ್ನದು ಸೊಟ್ಟಗಾದ ಅಲ್ಯೂಮಿನಿಯಂ. ಅಜ್ಜಿ ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ಮುಚ್ಚಳ ಉಜ್ಜುತ್ತಿದ್ದರು. ತಂಬಿಗೆ ಜಗಲಿಯ ಮೇಲೆ ಒಣಗುತ್ತಿತ್ತು. ಮುತ್ತಾತನ ಹೆಸರು ಕೆತ್ತಿದ್ದ ತಂಬಿಗೆ. ಹೋಯಿತು. ಡಬ್ಬಿ ಬಂತು.

ಅಜ್ಜಿ ಬಯ್ಯಲಿಲ್ಲ. ಡಬ್ಬಿಯನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು. ಆ ಮಹಾಲಯ ಅಮಾವಾಸ್ಯೆಗೆ ಸ್ಟೀಲ್ ಚೊಂಬಿನ ಮೇಲೆ ಆ ಮುಚ್ಚಳ ಇಟ್ಟವರು ಅವರೇ. ಡಬ್ಬಿಯಲ್ಲಿ ಊಟ ತಿನ್ನುವಾಗಲೆಲ್ಲ ನನಗೆ ಆ ಟಣ್ ಕೇಳಿಸುತ್ತಿತ್ತು.

ಮೊಮ್ಮಗಳು ಏನೂ ಹೇಳಲಿಲ್ಲ. ಚೀಲವನ್ನು ಮಾತ್ರ ಮಡಿಲಿಗೆ ಎಳೆದುಕೊಂಡಳು.

ಬೇಲೂರಿನಲ್ಲಿ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರಿರುವುದನ್ನು ತೋರಿಸಿದೆ. ಬಳ್ಳಿಗಾವೆಯಿಂದ ಬಂದ ದಾಸೋಜನ ಹೆಸರು 900 ವರ್ಷವಾದರೂ ಅಲ್ಲೇ ಇದೆ. “ಮುತ್ತಾತನ ಹೆಸರು ಕರಗಿ ಹೋಗಿರುತ್ತಲ್ವಾ?” ಎಂದಳು. ಹೌದು ಎನ್ನಲು ಬಾಯಿ ಬರಲಿಲ್ಲ.

ಸಂಜೆ ಪೇಟೆಯ ಅಂಗಡಿಯೊಂದರಲ್ಲಿ ನಾಲ್ಕೈದು ಹಳೆಯ ತಂಬಿಗೆ ಇದ್ದವು. ಒಂದೊಂದಕ್ಕೂ ಮುಚ್ಚಳ ಹಾಕಿ ನೋಡಿದಳು. ಒಂದು ಸಡಿಲ, ಒಂದು ಬಿಗಿ. ಕೊನೆಯದು ಕೂತಿತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅದರ ಮೇಲೂ ಒಂದು ಹೆಸರಿತ್ತು, ಬೇರೆ ಯಾರದೋ ಮನೆಯವರದ್ದು.

“ಬೇಡ ತಾತ. ಅವರ ಮನೇಲೂ ಯಾರಾದ್ರೂ ಹುಡುಕ್ತಿರ್ತಾರೆ.”

ಅಂಗಡಿಯವರು ಮುಚ್ಚಳವನ್ನು ಕೈಯಲ್ಲಿ ತೂಗಿ ನೋಡಿ, “ಯಜಮಾನ್ರೇ, ಇದನ್ನಾದ್ರೂ ಕೊಡ್ತೀರಾ? ಒಳ್ಳೇ ಕಂಚು. ಬೆಲೆ ಹೇಳಿ,” ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅವಳು ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡಳು. ಬಸ್ಸಿನಲ್ಲಿ ಅರಸೀಕೆರೆ ಬರುವವರೆಗೂ ಚೀಲ ಅವಳ ತೊಡೆಯ ಮೇಲೇ ಇತ್ತು.