ಅವರಿಗೂ ಇಷ್ಟೇ, ನಮಗೂ ಇಷ್ಟೇ



ಅವ್ವನ್ನ ನಾಗಪುರದ ದೀಕ್ಷಾಭೂಮಿಗೆ ಕರ್ಕೊಂಡು ಹೋಗಿದ್ದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಬೌದ್ಧ ದೀಕ್ಷೆ ತಗೊಂಡ ನೆಲ ಅದು. ವಾಪಸ್ ವಿಮಾನದಲ್ಲಿ ಬಂದು ಬೆಂಗಳೂರಲ್ಲಿ ಇಳಿದಾಗ ರಾತ್ರಿ ಹನ್ನೆರಡೂವರೆ. ಮೆಜೆಸ್ಟಿಕ್‌ಗೆ ಹೋಗಿ ಚನ್ನರಾಯಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ನಮ್ಮ ದಂಡಿಗನಹಳ್ಳಿ ಸೇರಬೇಕು.

ಮೆಜೆಸ್ಟಿಕ್‌ಗೆ ಹತ್ತಿರ ಹತ್ತಿರ 35 ಕಿ.ಮೀ. ಬಿಎಂಟಿಸಿಯ ವಾಯುವಜ್ರ ಬಸ್ಸಿದೆ, ಅದಕ್ಕೂ ನಿಗದಿತ ದರವೇ. ಎಸಿ ಬಸ್ಸಾದ್ದರಿಂದ ಶಕ್ತಿ ಯೋಜನೆ ಅಲ್ಲಿ ನಡೆಯಲ್ಲ. ಅವ್ವನ ಮಂಡಿ ಬೇರೆ ಊದಿತ್ತು. ಟ್ಯಾಕ್ಸಿ ಸಾಲಿಗೆ ಹೋದೆವು.

ಅವ್ವ ತೋಳು ಹಿಡಿದು ಎಳೆದಳು. "ಮೊದ್ಲು ಎಷ್ಟು ಅಂತ ಮಾತಾಡ್ಲಾ ಮಗಾ. ಕೂತ್ಮೇಲೆ ಬಾಯಿಗೆ ಬಂದಂಗೆ ಕೇಳ್ತಾರೆ."

"ಮಾತಾಡೋದು ಏನೂ ಇಲ್ಲ ಅವ್ವ, ಸರ್ಕಾರನೇ ರೇಟು ಬರೆದೈತೆ."

2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಆ್ಯಪ್ ಟ್ಯಾಕ್ಸಿ, ನಗರ ಟ್ಯಾಕ್ಸಿ ಎರಡಕ್ಕೂ ಒಂದೇ ದರ ಮಾಡಿತು. 10 ಲಕ್ಷದೊಳಗಿನ ಕಾರಿಗೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. 35 ಕಿ.ಮೀ.ಗೆ 844 ಆಗುತ್ತೆ, ರಾತ್ರಿ ದರ ಸೇರಿ 928 ಚಿಲ್ಲರೆ. ಟೋಲ್, ತೆರಿಗೆ ಬೇರೆ.

ಎಲ್ಲ ಕೇಳಿಸ್ಕೊಂಡು ಅವ್ವ ಕೇಳಿದ್ದು ಒಂದೇ ಮಾತು: "ಗೌಡ್ರು ಬಂದ್ರೂ ಇಷ್ಟೇಯಾ?"

"ಅವರಿಗೂ ಇಷ್ಟೇ, ನಮಗೂ ಇಷ್ಟೇ."

ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಆರನೇ ಕ್ಲಾಸಲ್ಲಿದ್ದಾಗ ತಂಗಿಗೆ ವಾಂತಿಭೇದಿ ಆಗಿ ಕಣ್ಣು ಮೇಲಾಗಿತ್ತು. ಹತ್ತಿರದಲ್ಲಿ ಇದ್ದಿದ್ದು ಒಂದೇ ಬಾಡಿಗೆ ಕಾರು. ಮೊದಲು ಡೀಸೆಲ್ ಇಲ್ಲ ಅಂದರು. ಆಮೇಲೆ ಕೇರಿಯೋರಾದರೆ ಎರಡರಷ್ಟು, ಸೀಟು ತೊಳೆಸೋ ದುಡ್ಡು ಬೇರೆ ಅಂದರು. ಅಪ್ಪ ಅವ್ವನ ಓಲೆ ಒತ್ತೆ ಇಟ್ಟ. ತಂಗಿ ಉಳಿದಳು. ಓಲೆ ವಾಪಸ್ ಬರಲಿಲ್ಲ.

ಬಾಬಾಸಾಹೇಬರು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿರೋದೂ ಇಂಥದ್ದೇ ಬಾಡಿಗೆ ಲೆಕ್ಕ. 1901ರಲ್ಲಿ ಕೋರೆಗಾಂವ್‌ನಲ್ಲಿದ್ದ ತಂದೆಯನ್ನ ನೋಡೋಕೆ ಹೊರಟ ಆ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಮಹಾರರು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಬರಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಆದರೆ ಗಾಡಿ ಮಕ್ಕಳೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೆದು ಬರ್ತಾನೆ!

ಚೌಕಾಸಿ ಅನ್ನೋದು ಸರೀಕರ ನಡುವಿನ ಮಾತು. ಸರೀಕರಲ್ಲ ಅಂತ ಮೊದಲೇ ತೀರ್ಮಾನ ಆಗಿರೋ ಕಡೆ ಬಾಯಿಮಾತಿನ ರೇಟು ಅಂದರೆ ಜಾತಿ ರೇಟೇ. ಅದಕ್ಕೇ ಬರೆದಿಟ್ಟ ದರ ನಮ್ಮ ಜನಕ್ಕೆ ಸಣ್ಣ ವಿಷಯ ಅಲ್ಲ.

ಟೋಲ್ ದಾಟಿದ ಮೇಲೆ ಅವ್ವ ಡ್ರೈವರ್ ಹುಡುಗನ ಊರು ಕೇಳಿದಳು. "ಚನ್ನರಾಯಪಟ್ಟಣ" ಅಂದ.

"ಅಯ್ಯೋ, ನಮ್ಮೋನೇ!"

ಅವನು ನಕ್ಕ. "ಹಾಸನದ್ದಲ್ಲ ಕಣವ್ವ. ದೇವನಹಳ್ಳಿ ತಾಲೂಕಲ್ಲೂ ಒಂದು ಚನ್ನರಾಯಪಟ್ಟಣ ಐತೆ."

ಗೊತ್ತಲ್ಲ, 13 ಹಳ್ಳಿಗಳ 1,777 ಎಕರೆ ಉಳಿಸ್ಕೊಳ್ಳೋಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಹೋಬಳಿ. 2025ರ ಜುಲೈ 15ರಂದು ಸರ್ಕಾರ ಆ ಭೂಸ್ವಾಧೀನ ಕೈಬಿಟ್ಟಿತು. ಈ ಹುಡುಗನೂ ನಮ್ಮವನೇ. ಎಸ್‌ಸಿ, ಎಸ್‌ಟಿ ಯುವಕರಿಗೆ ಟ್ಯಾಕ್ಸಿ ಕೊಳ್ಳೋಕೆ ಸಹಾಯಧನ ಕೊಡ್ತಿದ್ದ ಐರಾವತ ಯೋಜನೆಯಲ್ಲಿ ಕಾರು ತಗೊಂಡವನು.

"ಅಣ್ಣ, ನೀವು ಎಷ್ಟು ಕೊಡಬೇಕು ಅಂತ ಬರೆದವ್ರೆ. ಅದ್ರಲ್ಲಿ ನನ್ ಕೈಗೆ ಎಷ್ಟು ಸೇರ್ಬೇಕು ಅಂತ ಅಲ್ಲಿ ಬರೆದಿಲ್ಲ. ಕಮಿಷನ್ನು, ಕಂತು, ಡೀಸೆಲ್ ಕಳೆದು ಉಳಿದಿದ್ದಷ್ಟೇ ನಂದು" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ದುಡ್ಡು ನಾನೇ ಕೊಡ್ತೀನಿ ಅಂತ ಅವ್ವ ಹಟ ಮಾಡಿದಳು. ಎಣಿಸಿ, ಅವನ ಕೈಗೆ ಕೊಡದೆ, ಸೀಟಿನ ಮೇಲೆ ಇಟ್ಟಳು. ಊರಿನ ಅಂಗಡಿ ಕಟ್ಟೆ ಮೇಲೆ ದೂರದಿಂದ ದುಡ್ಡಿಟ್ಟು ಬೆಳೆದ ಕೈ ಅದು.

ಹುಡುಗ ನೋಟು ಮುಟ್ಟಲಿಲ್ಲ. ತಿರುಗಿ ಕೈ ಚಾಚಿದ. "ಕೈಗೇ ಕೊಡವ್ವ."

ಅವ್ವ ಕೊಟ್ಟಳು.

ಗೆಳೆಯರೇ, ನಮ್ಮ ಹೋಬಳಿ ಆಟೋ ಸ್ಟ್ಯಾಂಡಿನಲ್ಲೂ ದರದ ಬೋರ್ಡು ಬೀಳಲಿ. ಹತ್ತೋರ ದರದ ಜೊತೆಗೆ ಓಡ್ಸೋರ ಪಾಲೂ ಬರೆಯೋ ಹಂಗಾಗಲಿ. ಮುಂದಿನ ಸಭೆಯಲ್ಲಿ ಈ ಎರಡೂ ಬೇಡಿಕೆ ಇಡ್ತೀನಿ. ಜೊತೆಗೆ ಬನ್ನಿ.

ಜೈ ಭೀಮ್.