ಡಿಸ್ಕೌಂಟಿನಲ್ಲಿ ಬಂದ ಪಿಎಸ್‌ಪಿ

ಬಿಕಾಂ ಓದಿ ಬ್ಯಾಂಕು ಸೇರಿದವನಿಗೆ ಡಿಪ್ರಿಸಿಯೇಷನ್ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ ಅಂದುಕೊಂಡಿದ್ದೆ. ನನಗೆ ಆ ಪಾಠ ಹೇಳಿದ್ದು ಹತ್ತು ವರ್ಷದ ಮಗ!

2008ರಲ್ಲಿ ಪುಣೆಯಿಂದ ಮುಂಬೈಗೆ ವರ್ಗವಾಗಿತ್ತು. ಹೊಸ ಶಾಲೆ, ಹೊಸ ಬಿಲ್ಡಿಂಗು, ಗೆಳೆಯರಿಲ್ಲ. ಹುಡುಗ ಮಂಕಾಗಿದ್ದ. ಗಣೇಶ ಚೌತಿಗೆ ಸೋನಿಯ ಪಿಎಸ್‌ಪಿ ತಂದುಕೊಟ್ಟೆ. ಅಂಗಡಿಯವನು ಬೆಲೆ ಇಳಿಸಿ, ಎರಡು ಗೇಮ್ ಡಿಸ್ಕನ್ನೂ ಪುಕ್ಕಟೆ ಕೊಟ್ಟಾಗ ಚೌಕಾಸಿಯಲ್ಲಿ ಗೆದ್ದೆ ಅಂತ ಬೀಗಿದ್ದೇ ಬೀಗಿದ್ದು.

ದೀಪಾವಳಿ ಕಳೆದ ಮೇಲೆ ಪಕ್ಕದ ಮನೆ ಹುಡುಗನಿಗೆ ಅವನ ಮಾವ ದುಬೈಯಿಂದ ಪಿಎಸ್‌ಪಿ-3000 ತಂದ. ಸ್ಕ್ರೀನು ಇನ್ನೂ ಚೆನ್ನ, ಒಳಗೇ ಮೈಕು. ನಮ್ಮದು 2007ರ ಮಾಡೆಲ್, 2000. "ಅಪ್ಪಾ, ನೀನ್ಯಾವಾಗ್ಲೂ ಹಳೇದನ್ನೇ ತರ್ತೀಯ" ಅಂದ. ಇದ್ದದ್ದರಲ್ಲಿ ತೃಪ್ತಿಪಡಬೇಕು ಅಂತ ದೊಡ್ಡ ಭಾಷಣ ಬಿಗಿದೆ. ಅಂಗಡಿಯವನು ಹಳೇ ಸ್ಟಾಕು ಖಾಲಿ ಮಾಡುತ್ತಿದ್ದ, ನಾನು ಬೇಸ್ತು ಬಿದ್ದೆ ಅಂತ ಮಾತ್ರ ಹೇಳಲಿಲ್ಲ.

2009ರಲ್ಲಿ ಪಿಎಸ್‌ಪಿ ಗೋ ಬಂತು. ತಪ್ಪಿತಸ್ಥ ಭಾವ ನೋಡಿ, "ಕೊಡಿಸ್ತೀನಿ ಬಾರೋ" ಅಂದೆ. "ಬೇಡಪ್ಪ, ಅದರಲ್ಲಿ ಡಿಸ್ಕ್ ಹಾಕೋಕೆ ಜಾಗನೇ ಇಲ್ಲ. ನನ್ನ ಗೇಮ್ಸ್ ಏನ್ಮಾಡ್ಲಿ?"

ಅಲ್ಲಿದೆ ನೋಡಿ ವಿಷಯ. ಎಷ್ಟು ವರ್ಷಕ್ಕೊಮ್ಮೆ ಹೊಸದು ಬರಬೇಕು ಅನ್ನುವುದಕ್ಕಿಂತ, ಕೂಡಿಟ್ಟದ್ದು ಅದರಲ್ಲಿ ನಡೆಯುತ್ತದೋ ಇಲ್ಲವೋ ಅನ್ನುವುದು ಮುಖ್ಯ. ನಿಂಟೆಂಡೊದ ಗೇಮ್ ಬಾಯ್ 1989ರದು. ಬಣ್ಣದ್ದು ಬಂದದ್ದು 1998ರಲ್ಲಿ. ನಡುವೆ 1996ರಲ್ಲಿ ಚಿಕ್ಕದಾದ 'ಪಾಕೆಟ್' ಬಂದರೂ ಗೇಮುಗಳು ಅವೇ. ಯಾರಿಗೂ ನಷ್ಟವಿಲ್ಲ. ಆದರೆ 2005ರ 'ಮೈಕ್ರೊ'ದಲ್ಲಿ ಹಳೇ ಗೇಮ್ ಬಾಯ್ ಆಟಗಳು ನಡೆಯಲಿಲ್ಲ. 2014ರ 'ನ್ಯೂ 3ಡಿಎಸ್'ಗೆಂದೇ ಬಂದ ಕೆಲವು ಆಟಗಳು ಹಿಂದಿನ 3ಡಿಎಸ್‌ನಲ್ಲಿ ಓಡಲಿಲ್ಲ. ಸಾಲದ ಕಂತು ತೀರುವ ಮೊದಲೇ ಷರತ್ತು ಬದಲಿಸಿದ ಹಾಗೆ! 2011ರಲ್ಲಿ ಅದೇ 3ಡಿಎಸ್ ಬೆಲೆಯನ್ನು ಅಮೆರಿಕದಲ್ಲಿ ಐದೇ ತಿಂಗಳಲ್ಲಿ 250 ಡಾಲರಿನಿಂದ 170ಕ್ಕೆ ಇಳಿಸಿದಾಗ, ಮೊದಲೇ ಕೊಂಡವರಿಗೆ 20 ಆಟ ಉಚಿತ ಕೊಟ್ಟರು. ಅದು ಮರ್ಯಾದೆ.

ನನ್ನ ಲೆಕ್ಕ ಇಷ್ಟೇ: ಹೊಸ ತಲೆಮಾರು ಆರೇಳು ವರ್ಷಕ್ಕೊಮ್ಮೆ ಸಾಕು. ನಡುವೆ ಒಮ್ಮೆ ಬ್ಯಾಟರಿ, ಸ್ಕ್ರೀನು ಸುಧಾರಿಸಲಿ, ಆಟ ಮಾತ್ರ ಎರಡರಲ್ಲೂ ನಡೆಯಲಿ. 2017ರ ಸ್ವಿಚ್‌ಗೆ ಸ್ವಿಚ್ 2 ಬಂದದ್ದು 2025ರಲ್ಲಿ; ಹಳೇ ಆಟಗಳಲ್ಲಿ ಹೆಚ್ಚಿನವು ಅದರಲ್ಲೂ ನಡೆಯುತ್ತವೆ.

ಮಗ ಈಗ ಹೈದರಾಬಾದಿನಲ್ಲಿದ್ದಾನೆ. ಮೊನ್ನೆ ಬಂದಾಗ ಲಾಫ್ಟಿನಿಂದ ಪಿಎಸ್‌ಪಿ ಇಳಿಸಿದ. ಬ್ಯಾಟರಿ ಉಬ್ಬಿತ್ತು. ಅದನ್ನು ತೆಗೆದಿಟ್ಟು ಚಾರ್ಜರ್ ಸಿಕ್ಕಿಸಿದ, ಡಿಸ್ಕು ಗಿರ್ರೆಂದಿತು! ಆಗ ಡಿಸ್ಕೌಂಟಿನ ಗುಟ್ಟು ಹೇಳಿಬಿಟ್ಟೆ.

"ಗೊತ್ತಿತ್ತಪ್ಪ. ಬಾಕ್ಸ್ ಮೇಲೆ ಅಂಗಡಿಯವನ ಕ್ಲಿಯರೆನ್ಸ್ ಸ್ಟಿಕರ್ ಇತ್ತಲ್ಲ" ಅಂದ.

ಹದಿನೇಳು ವರ್ಷ ಅವನೂ ಬಾಯಿ ಬಿಟ್ಟಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದೆಯಾ? ಬರೆಯಿರಿ.