ಗುಂಯ್ ಅಂತೈತಿ, ತಿರುಗವಲ್ದು

ನಮ್ಮ ಮನೆಯ ವಾಷಿಂಗ್ ಮಷಿನ್ನಿಗೆ ಏನಾದರೂ ಆದರೆ ಮೊದಲು ಗೊತ್ತಾಗುತ್ತಿದ್ದುದು ಅವ್ವನಿಗೆ. ರೊಟ್ಟಿ ಬಡಿಯುತ್ತಿರಲಿ, ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿರಲಿ, ಬಚ್ಚಲ ಕಡೆಗೆ ಒಂದು ಕಿವಿ ಇಟ್ಟೇ ಇರುತ್ತಿದ್ದಳು. ಎಮ್ಮೆ ಮೆಲುಕು ಹಾಕುವುದು ನಿಂತರೆ ನಡುರಾತ್ರಿ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ ಹೆಂಗಸು. ಎಮ್ಮೆ ಮಾರಿದ ಮೇಲೆ ಆ ಕಿವಿಗೆ ಕೆಲಸವಿರಲಿಲ್ಲ. ಅದೇ ವರ್ಷ ಬಳ್ಳಾರಿಯಿಂದ ಮಷಿನ್ ಬಂತು.

ಟಂಟಂನಲ್ಲಿ ಸಿರಿಗೇರಿಗೆ ಬಂದಿಳಿದದ್ದು ಸೆಮಿ ಆಟೋಮ್ಯಾಟಿಕ್. ಎರಡು ತೊಟ್ಟಿ, ಎರಡು ಮೋಟರ್. ಒಂದು ಒಗೆಯಲು, ಒಂದು ಹಿಂಡಲು. ಹೂವೇರಿಸಿ, ಕುಂಕುಮವಿಟ್ಟು, ಕಾಯಿ ಒಡೆದು, ಮಣೆ ಹಾಕಿಕೊಂಡು ಅದರ ಮುಂದೆ ಕೂತಳು ಅವ್ವ. ನೀರು ಅತ್ತ ತಿರುಗಿ ಇತ್ತ ತಿರುಗಿ ಮುಗಿಯುವತನಕ ಏಳಲಿಲ್ಲ. ಸ್ವೀಡನ್ ದೇಶದ ಹ್ಯಾನ್ಸ್ ರೋಸ್ಲಿಂಗ್ ಎಂಬ ಅಂಕಿಸಂಖ್ಯೆಯ ಪಂಡಿತರು 2010ರ ಒಂದು ಭಾಷಣದಲ್ಲಿ ತಮ್ಮಜ್ಜಿಯೂ ಹೀಗೇ ಮಷಿನ್ ಮುಂದೆ ಕೂತು ಪೂರ್ತಿ ನೋಡಿದ ಕಥೆ ಹೇಳಿದ್ದಾರೆ. ಮೇಷ್ಟರಾದ ನಾನು ಅದನ್ನು ಅವ್ವನಿಗೆ ಹೇಳಿದೆ. 'ಆಕಿಗೂ ಸೊಂಟ ನೋವಿತ್ತೇನು?' ಎಂದಳು.

ಅವ್ವನ ಕಾಲದಲ್ಲಿ ಬಟ್ಟೆ ಅಂದರೆ ಕಾಲುವೆ. ತುಂಗಭದ್ರಾ ಅಣೆಕಟ್ಟಿನ ನೀರು ನಮ್ಮ ಎರೆಹೊಲಗಳಿಗೆ ಬಂದು ಜೋಳ ಬೆಳೆಯುತ್ತಿದ್ದ ಊರು ಭತ್ತದ ಊರಾಯಿತು. ಬಟ್ಟೆಗಂಟೂ ಜಾಗ ಬದಲಿಸಿ ಹಳ್ಳದಿಂದ ಕಾಲುವೆಗೆ ಬಂತು. ಸಾಲು ಕಲ್ಲುಗಳ ಮೇಲೆ ಸಾಲು ಹೆಂಗಸರು. ಯಾವ ಸೊಸೆ ಸಿಟ್ಟಿನಲ್ಲಿದ್ದಾಳೆ, ಯಾವಳು ತವರಿಗೆ ಹೋಗುವ ಖುಷಿಯಲ್ಲಿದ್ದಾಳೆ ಎಂಬುದು ಬಟ್ಟೆ ಬಡಿಯುವ ಸದ್ದಿನಲ್ಲೇ ತಿಳಿಯುತ್ತಿತ್ತಂತೆ. ಅತ್ತೆಯ ಸೀರೆಗೆ ಒಂದು ಸದ್ದು, ಗಂಡನ ಧೋತರಕ್ಕೆ ಇನ್ನೊಂದು. ಆ ಕಲ್ಲುಗಳು ಈಗಲೂ ಅಲ್ಲೇ ಇವೆ. ಹುಡುಗರು ಅವುಗಳ ಮೇಲೆ ಕೂತು ಮೊಬೈಲ್ ನೋಡುತ್ತಾರೆ.

ಕಾಲುವೆಯಲ್ಲಿ ಪಳಗಿದ ಆ ಕಿವಿ ಮಷಿನ್ನಿನ ಭಾಷೆಯನ್ನು ಆರು ತಿಂಗಳಲ್ಲಿ ಕಲಿಯಿತು. 'ಸುಂಯ್' ಅಂದರೆ ಮೋಟರ್ ತಿರುಗುತ್ತಿದೆ, ಬಟ್ಟೆ ತಿರುಗುತ್ತಿಲ್ಲ. ಬೆಲ್ಟ್ ಸಡಿಲಾಗಿದೆ, ಇಲ್ಲವೇ ಹರಿದಿದೆ. 'ಕರಕರ' ಅಂದರೆ ಬೇರಿಂಗು, ಇಲ್ಲವೇ ಮೊಮ್ಮಗನ ಚಡ್ಡಿ ಕಿಸೆಯ ಗೋಲಿ. ಹಿಂಡುವ ಕಡೆ ಹುಣಿಸೆಹಣ್ಣು ಕಿವುಚಿದಂತೆ ಒದ್ದಾಡಿದರೆ ಬ್ರೇಕ್ ಬಿಟ್ಟಿಲ್ಲ. ಮುಚ್ಚಳ ಎತ್ತಿದಾಗ ತೊಟ್ಟಿಯನ್ನು ನಿಲ್ಲಿಸುವ ಬ್ರೇಕ್ ಅದು. ಅದರ ತಂತಿ ಸಡಿಲಾದರೆ ಮುಚ್ಚಳ ಹಾಕಿದರೂ ಹಿಡಿದೇ ಇರುತ್ತದೆ, ಬೈಗುಳ ಮೋಟರಿಗೆ. ಏನೂ ಸದ್ದಿಲ್ಲವೆಂದರೆ ಟೈಮರ್, ಮುಚ್ಚಳದ ಸ್ವಿಚ್ಚು ಅಥವಾ ಇಲಿ. ಎಲ್ಲಕ್ಕಿಂತ ಕೆಟ್ಟದ್ದು ಸದ್ದಲ್ಲ, ವಾಸನೆ. ಸುಟ್ಟ ವಾರ್ನಿಷಿನ ವಾಸನೆ ಬಂತೆಂದರೆ ವೈಂಡಿಂಗ್ ಹೋಯಿತು.

ಒಂದು ಮೇ ತಿಂಗಳಲ್ಲಿ ಬಂದದ್ದು 'ಗುಂಯ್'. ಬಳ್ಳಾರಿ ಬಿಸಿಲು ನಲವತ್ತು ದಾಟಿತ್ತು. 'ಗುಂಯ್ ಅಂತೈತಿ, ತಿರುಗವಲ್ದು' ಎಂದಳು ಅವ್ವ. ನಾನು ಹಿಂದಿನ ಮುಚ್ಚಳ ಬಿಚ್ಚಿದೆ. ಮೂವತ್ತು ವರ್ಷ ಏಳನೇ ಕ್ಲಾಸಿಗೆ ವಿಜ್ಞಾನ ಹೇಳಿದವನು, ಗುಂಯ್ ಅಂದರೆ ಕಂಡೆನ್ಸರ್ ಎಂದು ಗೊತ್ತಿತ್ತು. ಫ್ಯಾನಿನಲ್ಲೂ ಕಂಡೆನ್ಸರೇ ಇರುವುದೆಂದೂ ಗೊತ್ತಿತ್ತು. ಫ್ಯಾನಿನದು 2.5 ಮೈಕ್ರೋಫ್ಯಾರಡ್, ಒಗೆಯುವ ಮೋಟರಿಗೆ ಹತ್ತರ ಆಸುಪಾಸು ಬೇಕು ಎಂಬುದಷ್ಟೇ ಗೊತ್ತಿರಲಿಲ್ಲ. ಪಡಸಾಲೆಯ ಫ್ಯಾನಿನಿಂದ ಕಿತ್ತು ಮಷಿನ್ನಿಗೆ ಹಾಕಿದೆ. ಮಷಿನ್ ಗುಂಯ್ ಎಂದಿತು, ತಿರುಗಲಿಲ್ಲ. ಗಾಬರಿಯಲ್ಲಿ ಯಾವ ವೈರು ಎಲ್ಲಿಯದೆಂದು ಮರೆತು ವಾಪಸ್ ಹಾಕಿದೆ, ಫ್ಯಾನೂ ಗುಂಯ್ ಎಂದಿತು. ಆ ರಾತ್ರಿ ಇಡೀ ಮನೆ ಮಾಳಿಗೆಯ ಮೇಲೆ ಮಲಗಿತು. ನಮ್ಮಾಕಿ ನನ್ನ ಜೊತೆ ಮಾತಾಡಲಿಲ್ಲ.

ಮರುದಿನ ಸಿರುಗುಪ್ಪದ ವೈಂಡಿಂಗ್ ಮೇಸ್ತ್ರಿ ಬಂದ. ಅಸಲಿಗೆ ಅವನು ಹೊಲದ ಪಂಪ್‌ಸೆಟ್ ಮೋಟರ್ ಕಟ್ಟುವವನು. ಪ್ಲಗ್ ಕಿತ್ತು, ಕಂಡೆನ್ಸರಿನ ಎರಡು ಕಡ್ಡಿಗೆ ಹೋಲ್ಡರಿನಲ್ಲಿದ್ದ ಬಲ್ಬಿನ ವೈರು ತಾಗಿಸಿದ. 'ಪ್ಲಗ್ ಕಿತ್ತರೂ ಇದು ಕರೆಂಟ್ ಇಟ್ಕೊಂಡಿರ್ತತಿ ಮೇಷ್ಟ್ರ, ನಿನ್ನೆ ನೀವು ಉಳಿದದ್ದೇ ದೊಡ್ಡದು' ಎಂದ. ಆಮೇಲೆ ಹೊಸ ಕಂಡೆನ್ಸರ್ ಹಾಕುತ್ತ ನನಗೆ ಪಾಠ ಹೇಳಿದ. ಮನೆಗೆ ಬರುವುದು ಸಿಂಗಲ್ ಫೇಸ್. ಒಂದೇ ಗಾಣಕ್ಕೆ ಎರಡು ಎತ್ತು ಕಟ್ಟಿ, ಒಂದನ್ನು ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಹೊಡೆದಂತೆ ಅದು. ಎರಡರ ಬಲವೂ ಸಮ, ಗಾಣ ಕದಲುವುದಿಲ್ಲ, ಎತ್ತುಗಳು ಮಾತ್ರ ಬೆವರುತ್ತವೆ. ಆ ಬೆವರೇ ಗುಂಯ್. ಇನ್ನೊಂದು ವೈಂಡಿಂಗಿಗೆ ಹೋಗುವ ಕರೆಂಟನ್ನು ಕಂಡೆನ್ಸರ್ ಒಂದು ಹೆಜ್ಜೆ ಮುಂದೆ ಸರಿಸುತ್ತದೆ; ಒಂದು ಎತ್ತಿನ ಕೈ ಮೇಲಾಗಿ ಗಾಣ ತಿರುಗುತ್ತದೆ. ಒಗೆಯುವ ಮೋಟರಿನಲ್ಲಿ ಎರಡು ವೈಂಡಿಂಗೂ ಒಂದೇ ಸಮ. ಟೈಮರು ಕಂಡೆನ್ಸರನ್ನು ಈ ಕಡೆ ಒಮ್ಮೆ, ಆ ಕಡೆ ಒಮ್ಮೆ ಸೇರಿಸುವುದರಿಂದಲೇ ಬಟ್ಟೆ ಅತ್ತಿತ್ತ ಹೊರಳುವುದು. 1888ರಲ್ಲಿ ನಿಕೋಲಾ ಟೆಸ್ಲಾ ಪೇಟೆಂಟ್ ಪಡೆದ ತಿರುಗುವ ಕಾಂತಕ್ಷೇತ್ರ ನನಗೆ ಅರ್ಥವಾದದ್ದು ನಿವೃತ್ತನಾದ ಮೇಲೆ, ನಮ್ಮ ಬಚ್ಚಲಲ್ಲಿ, ಎತ್ತುಗಳ ಮೂಲಕ.

'ಮೋಟರ್ ತಾನಾಗಿ ಕೆಡಂಗಿಲ್ರಿ, ನಾವು ಕೆಡಸ್ತೀವಿ' ಎನ್ನುವುದು ಮೇಸ್ತ್ರಿಯ ಸಿದ್ಧಾಂತ. ಗುಂಯ್ ಎಂದ ಕೂಡಲೇ ಸ್ವಿಚ್ ಆರಿಸಿದರೆ ಹೋಗುವುದು ಕಂಡೆನ್ಸರ್ ಒಂದೇ. ತಿರುಗೀತು ತಿರುಗೀತು ಎಂದು ಕಾಯುತ್ತ ನಿಂತರೆ ವೈಂಡಿಂಗೂ ಹೋಗುತ್ತದೆ. ನಾಟಿ ದಿನಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ನಮ್ಮ ಓಣಿಯ 230 ವೋಲ್ಟು ಸೊರಗಿ 170ಕ್ಕೆ ಬರುತ್ತದೆ. ವೋಲ್ಟೇಜ್ ಮುಕ್ಕಾಲಾದರೆ ಮೋಟರಿನ ಬಲವೂ ಮುಕ್ಕಾಲು ಎಂದುಕೊಂಡಿದ್ದೆ. ಅಲ್ಲ, ವರ್ಗದ ಲೆಕ್ಕ: ಹದಿನಾರಾಣೆಯ ಬಲ ಒಂಬತ್ತಾಣೆಗೆ ಇಳಿಯುತ್ತದೆ. ಅಂಥ ಹೊತ್ತಿನಲ್ಲೇ ಕೆಸರುಗದ್ದೆಯಿಂದ ಬಂದ ಬಟ್ಟೆಯ ರಾಶಿ. ಮೇಲೆ ಮಗ ಬಳ್ಳಾರಿಯಿಂದ ತರುವ ಜೀನ್ಸು. ಬಳ್ಳಾರಿ ಜೀನ್ಸು ಹೊಲಿಗೆಗೆ ಹೆಸರುವಾಸಿ, ನಮ್ಮ ಜಿಲ್ಲೆಯ ಹೆಮ್ಮೆ, ಎಲ್ಲ ಸರಿ. ಆದರೆ ನೆನೆದ ಜೀನ್ಸು ನಾಲ್ಕು ಒಟ್ಟಿಗೆ ಬಿದ್ದರೆ ಮಷಿನ್ನಿಗೆ ಕೋಣ ಹೊತ್ತಂತೆ. ಎರೆಮಣ್ಣಿನ ಬಟ್ಟೆಯನ್ನು ಮೊದಲು ಬಕೆಟ್ಟಿನಲ್ಲಿ ಜಾಲಿಸಿ ಹಾಕಬೇಕು, ಜೀನ್ಸು ಎರಡಕ್ಕಿಂತ ಹೆಚ್ಚು ಬೇಡ, ಲೈಟು ಮಂಕಾಗಿ ಉರಿಯುವಾಗ ಮಷಿನ್ ಮುಟ್ಟಲೇಬೇಡಿ. ಬಿಸಿಯಾಗಿ ತಾನೇ ನಿಂತರೆ ಅರ್ಧ ಗಂಟೆ ಬಿಡಿ. ಒಳಗೆ ಥರ್ಮಲ್ ಕಟಾಫ್ ಇರುವ ಮೋಟರ್ ತಣ್ಣಗಾದ ಮೇಲೆ ತಾನೇ ಏಳುತ್ತದೆ.

ಹಿಂಡುವ ತೊಟ್ಟಿಯ ಕೆಳಗಿನ ರಬ್ಬರ್ ಸೀಲು ಸವೆದರೆ ನೀರು ನೇರವಾಗಿ ಮೋಟರಿನ ನೆತ್ತಿಗೇ ತೊಟ್ಟಿಕ್ಕುತ್ತದೆ. ಮಷಿನ್ ಅಡಿಯಲ್ಲಿ ಒದ್ದೆ ಕಂಡರೆ 'ಬಚ್ಚಲಲ್ಲವೇ' ಎಂದು ಸುಮ್ಮನಾಗಬಾರದು. ಇಲಿಯ ಕಾಟ ಬೇರೆ. ಕೊಯ್ಲಾದ ಮೇಲೆ ಗದ್ದೆಯ ಇಲಿಗಳು ಊರೊಳಗೆ ಬರುತ್ತವೆ. ಅವುಗಳಿಗೆ ವೈರು, ಬೆಲ್ಟು ಎಲ್ಲವೂ ಹಪ್ಪಳ. ಮೇಸ್ತ್ರಿ ಅಡಿಗೆ ಜಾಲರಿ ಬಿಗಿದ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಬಾರದು, ಆಗಾಗ ಒಂದು ಕೊಡ ನೀರು ಹಾಕಿ ಎಂದ. ಅವ್ವ ಅಂದಿನಿಂದ ತುಳಸಿಗೆ ಒಂದು ತಂಬಿಗೆ, ಅರ್ಥಿಂಗಿಗೆ ಒಂದು ಕೊಡ ಎಂದು ವ್ರತ ಹಿಡಿದಳು. ನೀರು ಹಾಕಿ ಕೈ ಮುಗಿಯುವುದನ್ನೂ ನೋಡಿದ್ದೇನೆ.

ಬೆಂಗಳೂರಿನ ಮಗನ ಮನೆಯಲ್ಲಿ ಮುಂದೆ ಬಾಗಿಲಿರುವ ಮಷಿನ್ ಇದೆ. ಅದರ ಜಾತಿಯ ಹಳೆಯವುಗಳಲ್ಲಿ ಸವೆಯುವ ಕಾರ್ಬನ್ ಬ್ರಶ್ಶುಗಳಿದ್ದವು. ಈಗಿನ ಇನ್ವರ್ಟರ್ ಮೋಟರಿಗೆ ಬ್ರಶ್ಶೇ ಇಲ್ಲ. ಕೆಟ್ಟರೆ ಗಾಜಿನ ಮೇಲೆ ಒಂದಕ್ಷರ, ಒಂದು ಅಂಕಿ ಮೂಡುತ್ತದೆ. 'ಬಾಯಿಬಿಟ್ಟು ಹೇಳೂದಿಲ್ಲ, ಚೀಟಿ ಬರೀತೈತಿ' ಎಂದು ಅವ್ವ ಅದನ್ನು ಹತ್ತಿರ ಸೇರಿಸಲಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿದರು. ಅಷ್ಟು ದಿನ ಊರಿನ ರೈತರ ಉಸಿರು ಟೀವಿಯಲ್ಲಿತ್ತು. ಅವ್ವನಿಗೆ ಅಷ್ಟರಲ್ಲಿ ಕಿವಿ ಮಂದವಾಗಿತ್ತು. ಗಟ್ಟಿಯಾಗಿ ಕೂಗಿ ಹೇಳಿದೆ. ಎಪ್ಪತ್ತು ವರ್ಷದ ಸರಪಳಿ ಕಡಿಯಿತಂತೆ ಎಂದೆ. 'ಕಡಿಯೂಕಿಂತ ಮೊದಲು ಸದ್ದು ಮಾಡಿರ್ತತಲ್ಲ, ಕೇಳೋರು ಯಾರೂ ಇದ್ದಿದ್ದಿಲ್ಲೇನು?' ಎಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಈಗ ಅವಳಿಗೆ ಏನೂ ಕೇಳಿಸುವುದಿಲ್ಲ. ಕುಕ್ಕರಿನ ಸೀಟಿ, ಗುಡಿಯ ಗಂಟೆ, ನಮ್ಮಾಕಿಯ ಗೊಣಗಾಟ, ಯಾವುದೂ ಇಲ್ಲ. ಆದರೂ ಮಷಿನ್ ಹಾಕಿದಾಗ ಗೋಡೆ ಹಿಡಿದು ಬಚ್ಚಲಿಗೆ ಬಂದು ಮುಚ್ಚಳದ ಮೇಲೆ ಅಂಗೈ ಇಟ್ಟು ನಿಲ್ಲುತ್ತಾಳೆ, ಗಬ್ಬದ ಎಮ್ಮೆಯ ಹೊಟ್ಟೆ ಮುಟ್ಟಿ ನೋಡುತ್ತಿದ್ದ ಹಾಗೆ. ಹೋದ ತಿಂಗಳು ಹೀಗೇ ಕೈ ಇಟ್ಟವಳು ಸರಕ್ಕನೆ ತೆಗೆದಳು. ನಾನು ಹೊರಗೆ ಪೇಪರ್ ಓದುತ್ತಿದ್ದೆ, ನನಗೇನೂ ಕೇಳಿಸಿರಲಿಲ್ಲ.

'ಗುಂಯ್ ಅಂತೈತಿ, ತಿರುಗವಲ್ದು.'

ಸ್ವಿಚ್ ಆರಿಸಿ ಮೇಸ್ತ್ರಿಗೆ ಫೋನ್ ಮಾಡಿದೆ. ಕಂಡೆನ್ಸರ್ ಉಬ್ಬಿತ್ತು, ವೈಂಡಿಂಗ್ ಬೆಚ್ಚಗೂ ಆಗಿರಲಿಲ್ಲ. ಹೊಸದಕ್ಕೆ ನೂರಿಪ್ಪತ್ತು ರೂಪಾಯಿ ಕೊಟ್ಟೆ. ಫ್ಯಾನಿನ ತಂಟೆಗೆ ಹೋಗಲಿಲ್ಲ.